ಮೂರನೆಯ ತ

ಇಪ್ಪತ್ತಕ್ಕೆ ಒಂಬತ್ತು.
ತಾಯಿಮಾತಿನ ಉಕ್ತಲೇಖನದಲ್ಲಿ
ನಿಕಾಸಿಯಾ ವಿಲ್ಕಾ ನಪಾಸು.

ಕೂಸ್ಕೊ ವಿಶ್ವವಿದ್ಯಾಲಯ, ಎರಡನೆಯ ಮಹಡಿ,
ಎರಡು ನುಡಿಯಲ್ಲಿ ಪಾಠ ಹೇಳುವವರನ್ನು
ತಯಾರು ಮಾಡುವ ವಿಭಾಗ.
ಪ್ರೊಫೆಸರ್ ಚಾಲ್ಕೊ ಕನ್ನಡಕ ಒರೆಸುತ್ತ ಕೇಳಿದರು:
"ಸ್ಪ್ಯಾನಿಷ್‌ನಲ್ಲಿ ಹದಿನೇಳು ತೆಗೆದವಳು,
ಕೆಚುವಾದಲ್ಲಿ ಹೀಗೇಕೆ?"
ಅದನ್ನೂ ಕೇಳಿದ್ದು ಸ್ಪ್ಯಾನಿಷ್‌ನಲ್ಲೇ.

ಆ ನುಡಿಯಲ್ಲಿ ತ ಮೂರು.
ಬರಿಯ ತ ಆದರೆ ತಂತ: ಒಟ್ಟುಗೂಡಿದ್ದು.
ಉಸಿರು ಬೆರೆಸಿದರೆ ಥಂತ: ಹರಿದು ಹಳತಾದದ್ದು.
ಇವೆರಡಕ್ಕೆ ನಮ್ಮ ವರ್ಣಮಾಲೆಯಲ್ಲೂ ಮನೆಯುಂಟು.
ದನ ಎಂದು ಬರೆಯಲು ಹೋಗಿ ಧನ ಬರೆದು
ನಾವೂ ಬೆಂಚಿನ ಮೇಲೆ ನಿಂತವರೇ.
ಮೂರನೆಯದಕ್ಕೆ ನನ್ನ ಬಳಿ ಅಕ್ಷರವಿಲ್ಲ.
ಗಂಟಲಲ್ಲೇ ಉಸಿರಿಗೆ ಕದ ಹಾಕಿ
ನಾಲಿಗೆ ಮಾತ್ರ ಚಟ್ಟನೆ ಸಿಡಿಯಬೇಕು,
ಆಗ ಅದು ರೊಟ್ಟಿ.
ಬರೆವಾಗ ಅಕ್ಷರದ ಹೆಗಲಿಗೊಂದು ಗೀಟು,
ಇರುವೆಯ ಕಾಲಿನಷ್ಟು.

ಗೀಟು ಮರೆತಳು. ಒಂದಲ್ಲ, ಹನ್ನೊಂದು ಕಡೆ.
ನಾಲಿಗೆ ಎಂದೂ ಎಡವದಲ್ಲಿ ಕೈ ಎಡವಿತು.
ಕೈಯನ್ನು ದೂರುವುದಾದರೂ ಹೇಗೆ,
ಒಂದನೆಯ ಇಯತ್ತೆಯಲ್ಲಿ ಇದೇ ಸದ್ದು ಮಾಡಿದ್ದಕ್ಕೆ
ಶಾಲೆಯಂಗಳದಲ್ಲಿ ಇಟ್ಟಿಗೆ ಎತ್ತಿ ಹಿಡಿದು
ಗಂಟೆ ಬಾರಿಸುವತನಕ ನಿಂತ ಕೈ ಅದು.

ಸಂಜೆಯ ಬಸ್ಸು. ಒರೊಪೆಸಾದಲ್ಲಿ ಇಳಿದರೆ
ಬೀದಿಗೆ ಬೀದಿಯೇ ನೀಲಗಿರಿ ಸೌದೆಯ ಹೊಗೆ.
ಒಲೆಯ ಬಾಯಲ್ಲಿ ಅಮ್ಮ ಸತುರ್ನಿನಾ,
ಮೊಣಕೈವರೆಗೂ ಹಿಟ್ಟು.
ಓದು ಬಾರದವಳು; ಅಂಕಿ ಮಾತ್ರ ಬಲ್ಲಳು,
ಬಸ್ಸಿನವರಿಗೆ ಚಿಲ್ಲರೆ ಕೊಟ್ಟು ಕಲಿತದ್ದು.
"ಒಂಬತ್ತಾ?" ಅಂದಳು.
ಆಮೇಲೆ ತುಂಬ ಹೊತ್ತು ಬಿಟ್ಟು,
"ನಾನು ಕಲಿಸಿದ್ದರಲ್ಲಿ ಏನು ತಪ್ಪಿತ್ತು?"

ಇದಕ್ಕೆ ಪಠ್ಯದಲ್ಲಿ ಉತ್ತರವಿರಲಿಲ್ಲ.
ನಿಕಾಸಿಯಾ ಹಾಳೆ ಬಿಡಿಸಿ ತೋರಿಸಿದಳು:
ನೋಡು, ಇದು ನೀನು ಸುಡುವ ರೊಟ್ಟಿ.
ಇಲ್ಲೊಂದು ಗೀಟು ಇರಬೇಕಿತ್ತು.
"ಎಷ್ಟು ದೊಡ್ಡದು?"
ಇಷ್ಟೇ, ಅಮ್ಮ.
"ಇಷ್ಟಕ್ಕೆ ಒಂದು ಅಂಕ ಹಿಡಿದರಾ?"
ಹಾಳೆಯನ್ನು ದೀಪಕ್ಕೆ ಒಡ್ಡಿ ನೋಡಿದಳು, ಜರಡಿ ನೋಡಿದಂತೆ.
ಬೆರಳ ತುದಿ ನಾಲಿಗೆಗೆ ತಾಗಿಸಿ
ಬಟ್ಟಲಿಂದ ಒಂದು ಸೋಂಪಿನ ಕಾಳು ಎತ್ತಿ
ಆ ತ-ದ ಹೆಗಲ ಮೇಲೆ ಒತ್ತಿದಳು.
"ಈಗ?"

ಈಗ ಸರಿ.

ಮಾರ್ಚ್ ಕಳೆದು, ಬೋಧನೆಯ ತರಬೇತಿಗೆ
ಚಿಲ್ಕಾಪಾತದ ಶಾಲೆ.
ಗಾಳಿ ತೆಳ್ಳಗೆ, ಹದಿನಾಲ್ಕು ಮಕ್ಕಳು.
ಬಾಗಿಲಲ್ಲಿ ಟೋಪಿ ಕೈಗೆ ತೆಗೆದು ಒಬ್ಬ ಅಪ್ಪ, ಲಿಯೊಕಾದಿಯೊ:
"ಟೀಚರ್, ಇದು ಅವನಿಗೆ ಗೊತ್ತೇ ಇದೆ.
ಆಸ್ಪತ್ರೆಯಲ್ಲಿ ನೋವು ಎಲ್ಲಿ ಅಂತ
ಸ್ಪ್ಯಾನಿಷ್‌ನಲ್ಲಿ ಕೇಳುತ್ತಾರೆ.
ನನ್ನ ಹೆಂಡತಿ ತಪ್ಪು ಜಾಗ ತೋರಿಸಿದಳು."

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಕಾರಣಗಳು
ಆರೋ ಏಳೋ ಇದ್ದವು.
ಒಂದೂ ಬಾಯಿಗೆ ಬರಲಿಲ್ಲ.
"ಅದನ್ನೂ ಕಲಿಸುತ್ತೇನೆ," ಅಂದಳು.
ಅವನು ಹೋಗಲಿಲ್ಲ, ಒಳಗೂ ಬರಲಿಲ್ಲ.

ಕಿಸೆಯಿಂದ ಅಮ್ಮ ಕಟ್ಟಿಕೊಟ್ಟ ಪೊಟ್ಟಣ.
ಮಕ್ಕಳ ಕೈಗೆ ಒಂದೊಂದು ಚೀಟಿ,
ತುಟಿಯ ಮುಂದೆ ಹಿಡಿಯಿರಿ, ಹೇಳಿ.
ಥಂತ ಎಂದಾಗ ಚೀಟಿಗಳೆಲ್ಲ ಹಾರಿದವು.
ರೊಟ್ಟಿ ಎಂದಾಗ ಒಂದೂ ಅಲುಗಲಿಲ್ಲ,
ಕೋಣೆಯಲ್ಲಿ ಬರೀ ಚಟ್ ಚಟ್,
ಹೆಂಚಿನ ಮೇಲೆ ಜೋಳ ಹುರಿದ ಹಾಗೆ.
ಬಾಗಿಲಲ್ಲಿ ನಿಂತವನ ತುಟಿಯೂ
ಸದ್ದಿಲ್ಲದೆ ಒಮ್ಮೆ ಆಡಿತು.

ಆಮೇಲೆ ಬರೆಯಿರಿ,
ಗೀಟಿನ ಜಾಗಕ್ಕೆ ಉಗುಳು ಹಚ್ಚಿ ಒಂದು ಕಾಳು.
ಸಾಲು ಸಾಲು ನೋಡುತ್ತ ಬಂದಳು.
ಎಲ್ಮರ್ ಬರೆದದ್ದು ನೆಟ್ಟಗಿತ್ತು, ದುಂಡಗಿತ್ತು,
ಹೆಗಲು ಮಾತ್ರ ಬೋಳು.
ಎಲ್ಲಿ ನಿನ್ನ ಕಾಳು?

ಹುಡುಗ ಬಾಯಿ ತೆರೆದು ತೋರಿಸಿದ.
ಸೋಂಪಿನ ವಾಸನೆ.

ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದವಳು
ಮತ್ತೆ ಹಾಕಿ,
ಪೊಟ್ಟಣ ಅವನತ್ತ ಚಾಚಿದಳು.